ರೀಚ್ ಬಿದ್ದಿರುವುದು ಸೆಟ್ಟಿಂಗಿನಿಂದ ಅಲ್ಲ

"ಸರ್, ನಮ್ಮ ರೀಚ್ ಪೂರ್ತಿ ಬಿದ್ದೋಗಿದೆ. ಯಾವುದೋ ಸೆಟ್ಟಿಂಗ್ ಆಫ್ ಆಗಿರಬೇಕು, ಸ್ವಲ್ಪ ನೋಡ್ತೀರಾ?"

ನನಗೆ ಬರುವ ಫೋನುಗಳಲ್ಲಿ ಅರ್ಧದಷ್ಟು ಇಂಥವೇ. ರೀಚ್ ಅಂದರೆ ನಿಮ್ಮ ಪೋಸ್ಟು, ವಿಡಿಯೊ ಎಷ್ಟು ಜನಕ್ಕೆ ತಲುಪಿತು ಅನ್ನುವ ಲೆಕ್ಕ. ಸಣ್ಣ ಸುದ್ದಿ ಸೈಟಿನವರು, ಯೂಟ್ಯೂಬ್ ಚಾನೆಲ್‌ನವರು, ಅಡುಗೆ ಪೇಜ್ ನಡೆಸುವವರು ನನ್ನ ಕ್ಲೈಂಟುಗಳು. ಸೆಟ್ಟಿಂಗ್ ಆಫ್ ಆಗಿರುವುದಿಲ್ಲ. ನಿಯಮ ಮುರಿದು ರೀಚ್ ಕಳೆದುಕೊಂಡ ಪೇಜುಗಳೂ ಇರುತ್ತವೆ, ಹಾಗಾಗಿ ಅಕೌಂಟ್ ನೋಡದೆ ನಾನು ಏನೂ ಹೇಳುವುದಿಲ್ಲ. ಆದರೆ ನೋಡಿದ ಮೇಲೆ ಬಹಳಷ್ಟು ಸಲ ಹೇಳಬೇಕಾಗಿ ಬರುವುದು ಇಷ್ಟೇ: ಆವತ್ತು ನಿಮಗೆ ಅಷ್ಟು ರೀಚ್ ಕೊಟ್ಟಿದ್ದಕ್ಕೆ ಆ ಆ್ಯಪ್ ನಡೆಸುವ ಕಂಪನಿಗೆ ಒಂದು ಕಾರಣ ಇತ್ತು. ಆ ಕಾರಣ ಈಗಿಲ್ಲ.

"ಹಾಗಾದ್ರೆ ನಮ್ಮ ಕಂಟೆಂಟ್ ಚೆನ್ನಾಗಿರಲಿಲ್ವಾ?" ಅಂತ ಮುಖ ಚಿಕ್ಕದು ಮಾಡಿಕೊಳ್ಳುತ್ತಾರೆ. ಚೆನ್ನಾಗಿತ್ತು ಮಾರಾಯ್ರೇ, ಈಗಲೂ ಚೆನ್ನಾಗಿದೆ. ಆದರೆ ನಿಮ್ಮ ಜೊತೆ ಶುರು ಮಾಡಿದವರಿಗೆಲ್ಲ ಒಂದೇ ತಿಂಗಳಲ್ಲಿ ವ್ಯೂಸ್ ಏರಿತಲ್ಲ, ಅದು ಹೇಗೆ?

2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ಕೋಟಿಗಟ್ಟಲೆ ಜನ ರಾತ್ರೋರಾತ್ರಿ ಜಾಗವಿಲ್ಲದೆ ನಿಂತರು. ಕೆಲವೇ ದಿನಗಳಲ್ಲಿ ಬೆಂಗಳೂರಿನ ಶೇರ್‌ಚಾಟ್ ಅಂಥದ್ದೇ ಮೋಜ್ ಆ್ಯಪ್ ತಂದಿತು, ಡೈಲಿಹಂಟ್‌ನವರು ಜೋಶ್ ತಂದರು. ಜುಲೈನಲ್ಲೇ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ಬಿಟ್ಟಿತು. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಪ್ರಯೋಗ ಶುರುವಾಗಿದ್ದೂ ನಮ್ಮ ದೇಶದಲ್ಲೇ. ಇಷ್ಟೂ ಕಂಪನಿಗಳಿಗೆ ಒಂದೇ ಸಲಕ್ಕೆ ಬೇಕಿದ್ದದ್ದು ಫೋನ್ ನೆಟ್ಟಗೆ ಹಿಡಿದು ತೆಗೆದ ಸಣ್ಣ ವಿಡಿಯೊ. ಯಾರು ಹಾಕಿದರೂ ಎತ್ತಿ ತೋರಿಸಿದರು. ಒಂದೇ ರೂಟಿಗೆ ಎರಡು ಪ್ರೈವೇಟ್ ಬಸ್ ಬಿದ್ದಾಗ ಕಂಡಕ್ಟರೇ ಇಳಿದು ಬಂದು ನಿಮ್ಮ ಚೀಲ ಎತ್ತಿಡುತ್ತಾನಲ್ಲ, ಹಾಗೆ. ಅದು ನಿಮ್ಮ ಮೇಲಿನ ಪ್ರೀತಿಯಾ? ಹಿಂದಿನ ಬಸ್ಸಿನ ಮೇಲಿನ ಸಿಟ್ಟು.

ಇಷ್ಟು ಹೇಳಿದರೆ ತಲೆ ಆಡಿಸುತ್ತಾರೆ. ಮುಂದಿನ ತಿಂಗಳು ಮತ್ತೆ ಫೋನ್ ಮಾಡಿ ಸೆಟ್ಟಿಂಗ್ ಕೇಳುತ್ತಾರೆ! ಅದಕ್ಕೇ ಇನ್ನೊಂದು ಸಲ, ದೊಡ್ಡವರ ಉದಾಹರಣೆಯಲ್ಲೇ ಹೇಳುತ್ತೇನೆ.

2015ರ ಮೇ ತಿಂಗಳಲ್ಲಿ ಫೇಸ್‌ಬುಕ್ 'ಇನ್‌ಸ್ಟಂಟ್ ಆರ್ಟಿಕಲ್ಸ್' ತಂದಿತು. ಪತ್ರಿಕೆಯ ಲೇಖನ ಫೇಸ್‌ಬುಕ್ ಒಳಗೇ ಫಟ್ ಅಂತ ತೆರೆದುಕೊಳ್ಳುತ್ತಿತ್ತು. ಷರತ್ತು ಬಹಳ ಉದಾರ. ಪತ್ರಿಕೆಯೇ ಜಾಹೀರಾತು ತಂದರೆ ದುಡ್ಡು ಪೂರ್ತಿ ಪತ್ರಿಕೆಗೆ, ಫೇಸ್‌ಬುಕ್ ತಂದರೆ ಪತ್ರಿಕೆಗೆ 70 ಪರ್ಸೆಂಟ್. ಯಾಕಷ್ಟು ಉದಾರ? ಆ ವರ್ಷದ ಜನವರಿಯಲ್ಲಿ, ಮಾಧ್ಯಮದವರ ಸುದ್ದಿಯನ್ನು ಆ್ಯಪ್ ಒಳಗೇ ತೋರಿಸುವ ಸ್ನ್ಯಾಪ್‌ಚಾಟ್ ಡಿಸ್ಕವರ್ ಬಂದಿತ್ತು. ಆ್ಯಪಲ್ ನ್ಯೂಸ್ ಮತ್ತು ಮೊಬೈಲಿನಲ್ಲಿ ಪುಟ ಬೇಗ ತೆರೆಯುವಂತೆ ಮಾಡುವ ಗೂಗಲ್‌ನ ಎಎಂಪಿ ಕೂಡ ಅದೇ ವರ್ಷದವು. ಸುದ್ದಿ ಓದುವವರು ಯಾರ ಮನೆಯಲ್ಲಿ ಕೂರಬೇಕು ಅನ್ನುವ ಜಗಳ ಅದು. 2016ರಲ್ಲಿ ಜಗಳ ಲೈವ್ ವಿಡಿಯೊಗೆ ತಿರುಗಿತು. ಎದುರಿಗೆ ಟ್ವಿಟರ್‌ನ ಪೆರಿಸ್ಕೋಪ್, ಜೊತೆಗೆ ಯೂಟ್ಯೂಬ್. ಲೈವ್ ಮಾಡಿ ಅಂತ ಫೇಸ್‌ಬುಕ್ ಮಾಧ್ಯಮ ಕಂಪನಿಗಳು, ಸೆಲೆಬ್ರಿಟಿಗಳ ಜೊತೆ ಸುಮಾರು 140 ಒಪ್ಪಂದ ಮಾಡಿಕೊಂಡು 5 ಕೋಟಿ ಡಾಲರಿಗೂ ಜಾಸ್ತಿ ಕೊಡಲು ಒಪ್ಪಿತ್ತು. ಅಮೆರಿಕದಲ್ಲಿ ಎಷ್ಟೋ ಕಡೆ ಬರೆಯುವವರನ್ನು ಮನೆಗೆ ಕಳಿಸಿ ವಿಡಿಯೊ ಮಾಡುವವರನ್ನು ಸೇರಿಸಿಕೊಂಡರು. ವಿಡಿಯೊ ನೋಡಿದ ಸರಾಸರಿ ಸಮಯದ ಲೆಕ್ಕದಲ್ಲಿ ಮೂರು ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಬಿಟ್ಟಿದ್ದೇವೆ ಅಂತ ಆ ವರ್ಷದ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ಕೇ ಒಪ್ಪಿಕೊಂಡಿತು. ಅಂದರೆ ಅಂಕಿ ಉಬ್ಬಿತ್ತು.

2018ರ ಜನವರಿಯಲ್ಲಿ ಫೇಸ್‌ಬುಕ್ ತೆರೆದಾಗ ಕಾಣುವ ಪೋಸ್ಟುಗಳ ಸಾಲು, ಅಂದರೆ ಫೀಡ್, ಬದಲಾಯಿತು. ಇನ್ನು ಮೇಲೆ ಗೆಳೆಯರು, ಮನೆಯವರ ಪೋಸ್ಟು ಮುಂದೆ, ಪೇಜುಗಳದ್ದು ಹಿಂದೆ. ಇದಕ್ಕೆ ಬೇರೆ ಕಾರಣಗಳೂ ಇದ್ದವು, ಎಲ್ಲವನ್ನೂ ಸ್ಪರ್ಧೆಯ ತಲೆಗೇ ಕಟ್ಟುವುದು ತಪ್ಪಾದೀತು. ಆದರೆ ಮಾಧ್ಯಮದವರನ್ನು ಓಲೈಸುವ ದರ್ದು ಆ ಹೊತ್ತಿಗೆ ಕಡಿಮೆಯಾಗಿತ್ತು. ಫೇಸ್‌ಬುಕ್ ಓದುಗರನ್ನೇ ನಂಬಿಕೊಂಡಿದ್ದ ಲಿಟಲ್‌ಥಿಂಗ್ಸ್ ಅನ್ನುವ ಸೈಟು ಮುಂದಿನ ತಿಂಗಳೇ ಬಾಗಿಲು ಹಾಕಿತು. ಕಾರಣ ಅಂತ ಹೇಳಿದ್ದು ಇದನ್ನೇ. ಇನ್‌ಸ್ಟಂಟ್ ಆರ್ಟಿಕಲ್ಸ್ 2023ರ ಏಪ್ರಿಲ್‌ನಲ್ಲಿ ನಿಂತಿತು.

ಹಾಗಾಗಿ ಬೋನಸ್ಸು, ರೀಚು, 'ಕ್ರಿಯೇಟರ್ ಪ್ರೋಗ್ರಾಂ' ಅಂತ ಯಾರಾದರೂ ಕರೆದಾಗ ನಾನು ಮೊದಲು ಕೇಳುವುದು, ಇವರು ಸದ್ಯಕ್ಕೆ ಜಗಳ ಆಡ್ತಿರೋದು ಯಾರ ಜೊತೆ? ಜಗಳ ಇರುವಷ್ಟು ದಿನ ಹೋಗಿ, ಖುಷಿಯಾಗಿ ತಗೊಳ್ಳಿ. ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಅದೇ ಲೆಕ್ಕ ಹಿಡಿದು ಮೂರು ಎಡಿಟರ್, ಒಂದು ಸ್ಟುಡಿಯೊ, ಮೇಲೊಂದು ಸಾಲ ಅಂತ ಹೊರಡಬೇಡಿ ಅಷ್ಟೆ.

ಶಿವಮೊಗ್ಗ ಕಡೆಯ ಒಬ್ಬ ಅಕ್ಕ ಇದ್ದಾರೆ. ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಮಾರುತ್ತಾರೆ. ರೀಲ್ಸ್ ಚೆನ್ನಾಗಿ ಓಡುತ್ತಿದ್ದ ಕಾಲದಲ್ಲೇ ಪ್ರತಿ ಪ್ಯಾಕೆಟ್ಟಿನೊಳಗೆ ಒಂದು ಚೀಟಿ ಇಡುತ್ತಿದ್ದರು. "ಮುಂದಿನ ಮಿಡಿ ಸೀಸನ್ನಿಗೆ ಫೋನ್ ಮಾಡಲಾ? ಈ ನಂಬರಿಗೆ ಹೂಂ ಅಂತ ಕಳಿಸಿ." ಹೂಂ ಅಂದವರ ಹೆಸರು, ಊರು, ನಂಬರು, ಖಾರ ಜಾಸ್ತಿಯೋ ಕಡಿಮೆಯೋ ಎಲ್ಲ ಒಂದು ಲಾಂಗ್ ಬುಕ್ಕಿನಲ್ಲಿದೆ. ನಾನು ಎಕ್ಸೆಲ್‌ಗೆ ಹಾಕಿಕೊಡ್ತೀನಿ ಅಂದರೆ, "ಬೇಡಪ್ಪ, ಇದ್ರಲ್ಲೇ ನಂಗೆ ಬೇಗ ಸಿಗುತ್ತೆ" ಅಂದರು. ಅವರ ರೀಲ್ಸನ್ನು ಈಗ ಮೊದಲಿನಷ್ಟು ಜನ ನೋಡುವುದಿಲ್ಲ. ಆರ್ಡರ್ ಏನೂ ಕಡಿಮೆಯಾಗಿಲ್ಲ. ನನಗೆ ಫೀಸ್ ಕೊಡಬೇಕಾದ ಅಗತ್ಯವೇ ಇಲ್ಲದ ಕ್ಲೈಂಟ್ ಅವರು.

ಇಂಥ ಪಟ್ಟಿ ಇಲ್ಲದಿದ್ದರೆ ಏನಾಗುತ್ತೆ ನೋಡಿ. ಟ್ವಿಟರ್ ಥರದ 'ಕೂ' ಆ್ಯಪ್ ನಮ್ಮ ಬೆಂಗಳೂರಿನದೇ, 2020ರಲ್ಲಿ ಮೊದಲು ಶುರುವಾಗಿದ್ದೇ ಕನ್ನಡದಲ್ಲಿ. ಅಲ್ಲಿ ನಮ್ಮವರು ಎಷ್ಟೋ ಜನ ಫಾಲೋವರ್ಸ್ ಕೂಡಿಹಾಕಿದರು. 2024ರ ಜುಲೈನಲ್ಲಿ ಮುಚ್ಚುತ್ತೇವೆ ಅಂತ ಸ್ಥಾಪಕರು ಹೇಳಿದರು. ಅವರ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ, ಬೇರೆ ಕಂಪನಿಗಳ ಜೊತೆ ಸೇರಲು ಪ್ರಯತ್ನಪಟ್ಟರು, ಆಗಲಿಲ್ಲ. ಅಲ್ಲಿದ್ದ ಫಾಲೋವರ್ಸನ್ನು ಬೇರೆ ಕಡೆಗೆ ಹೊತ್ತು ತರಲು ಮಾತ್ರ ಯಾರಿಗೂ ದಾರಿ ಇರಲಿಲ್ಲ.

ಇದನ್ನೆಲ್ಲ ಕೇಳಿದ ಮೇಲೆ ಮೈಸೂರಿನ ಒಬ್ಬ ಕ್ಲೈಂಟ್ ಉತ್ಸಾಹದಿಂದ ಫೋನ್ ಮಾಡಿದರು. "ಸರ್, ಅರ್ಥ ಆಯ್ತು. ವಾಟ್ಸ್‌ಆ್ಯಪ್ ಚಾನೆಲ್ ಮಾಡಿಬಿಟ್ಟೆ. ಈಗ ಎಲ್ರ ನಂಬರೂ ನಮ್ಮ ಹತ್ರಾನೇ ಇದೆ, ಅಲ್ವಾ?"

ಫಾಲೋವರ್ಸ್ ಪಟ್ಟಿ ತೆರೆದು ಒಂದು ನಂಬರು ಓದಿ ಅಂದೆ. ಸ್ವಲ್ಪ ಹೊತ್ತು ಹುಡುಕಿದರು. ಮೊದಲೇ ಸೇವ್ ಮಾಡಿಕೊಂಡಿದ್ದವರನ್ನು ಬಿಟ್ಟರೆ ಯಾರ ನಂಬರೂ ಕಾಣಲಿಲ್ಲ. ಚಾನೆಲ್ ಇರುವುದೇ ಹಾಗೆ.

"ಏನೋ ಸೆಟ್ಟಿಂಗ್ ಇರಬೇಕು ಸರ್," ಅಂದರು.