ಜಲಾಂತರ್ಗಾಮಿಯ ಪಾಠ: ಗಾಳಿ ಎಲ್ಲಿಂದ ಬರುತ್ತದೆ?

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಕೋಣೆಗಳಲ್ಲಿ ಜಲಾಂತರ್ಗಾಮಿ ಎಂದರೆ ಹೆಸರು, ಇಸವಿ, ವರ್ಗಗಳ ಪಟ್ಟಿ. ಬಾಯಿಪಾಠ ಮಾಡುತ್ತೇವೆ, ಪರೀಕ್ಷೆ ಹತ್ತಿರ ಬರುವಷ್ಟರಲ್ಲಿ ಮರೆಯುತ್ತೇವೆ. ಯಾವ ನೌಕೆಯ ಬಗ್ಗೆ ಓದಿದರೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ರಿ: ಇದಕ್ಕೆ ಗಾಳಿ ಎಲ್ಲಿಂದ ಬರುತ್ತದೆ? ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಮೊದಲು ಮುಳುಗುವ ಬಗೆ. ಪೆನ್ನಿನ ಕ್ಯಾಪಿನ ತುದಿಯ ತೂತನ್ನು ಮೇಣದಿಂದ ಮುಚ್ಚಿ, ಕ್ಲಿಪ್ಪಿಗೆ ಚೂರು ಜೇಡಿಮಣ್ಣು ಅಂಟಿಸಿ, ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಯೊಳಗೆ ಬಾಯಿ ಕೆಳಗಾಗಿ ಬಿಡ್ರಿ. ತಲೆ ಮಾತ್ರ ಕಾಣುವಂತೆ ತೇಲಬೇಕು, ಮಣ್ಣನ್ನು ಅಷ್ಟಕ್ಕೇ ಹೊಂದಿಸಿ. ಮುಚ್ಚಳ ಬಿಗಿದು ಬಾಟಲಿ ಹಿಂಡಿದರೆ ಒಳಗಿನ ಗಾಳಿ ಕುಗ್ಗಿ, ಕ್ಯಾಪಿಗೆ ನೀರು ಏರಿ, ಅದು ಮುಳುಗುತ್ತದೆ. ಕೈ ಸಡಿಲಿಸಿದರೆ ಮೇಲೇಳುತ್ತದೆ. ಜಲಾಂತರ್ಗಾಮಿಯ ಬ್ಯಾಲಸ್ಟ್ ಟ್ಯಾಂಕುಗಳಲ್ಲಿ ಗಾಳಿಯನ್ನು ಹೊರಬಿಟ್ಟು ಕಡಲನೀರು ತುಂಬಿಸಿ ಮುಳುಗುತ್ತಾರೆ. ಸಿಲಿಂಡರಿನಲ್ಲಿ ಒತ್ತಿಟ್ಟ ಗಾಳಿಯಿಂದ ಆ ನೀರನ್ನು ಹೊರದೂಡಿ ಮೇಲೆ ಬರುತ್ತಾರೆ.

ಆರಂಭದ ನೌಕೆಗಳಿಗೆ ಎಂಜಿನ್ ಇರಲಿಲ್ಲ, ಮನುಷ್ಯನ ತೋಳೇ ಎಂಜಿನ್. 1776ರಲ್ಲಿ ಡೇವಿಡ್ ಬುಶ್ನೆಲ್‌ನ 'ಟರ್ಟಲ್' ಒಬ್ಬನೇ ಕೂರುವ ಮರದ ನೌಕೆ. ಒಳಗಿನ ಗಾಳಿ ಸುಮಾರು ಅರ್ಧ ಗಂಟೆಗೆ ಸಾಕು. ನ್ಯೂಯಾರ್ಕ್ ಬಂದರಿನಲ್ಲಿ ಬ್ರಿಟಿಷ್ ಹಡಗಿಗೆ ಸಿಡಿಮದ್ದು ಕಟ್ಟಲು ಹೋಗಿ ಅದು ವಿಫಲವಾಯಿತು. ಅಮೆರಿಕದ ಅಂತರ್ಯುದ್ಧದ 'ಹನ್ಲಿ'ಯಲ್ಲಿ ಏಳು ಜನ ಹಿಡಿಕೆ ತಿರುಗಿಸುತ್ತಿದ್ದರು, ಒಬ್ಬ ನಡೆಸುತ್ತಿದ್ದ. ಪರೀಕ್ಷೆಯ ವೇಳೆಯಲ್ಲೇ ಎರಡು ಸಲ ಮುಳುಗಿ 13 ಜನ ಸತ್ತರು, ಅವರಲ್ಲಿ ಅದನ್ನು ಕಟ್ಟಿಸಿದ ಹೊರೇಸ್ ಹನ್ಲಿಯೂ ಒಬ್ಬ. 1864ರ ಫೆಬ್ರವರಿ 17ರಂದು ಅದು 'ಹೌಸಟಾನಿಕ್' ಹಡಗನ್ನು ಮುಳುಗಿಸಿತು. ಶತ್ರುವಿನ ಯುದ್ಧನೌಕೆಯನ್ನು ಮುಳುಗಿಸಿದ ಮೊದಲ ಜಲಾಂತರ್ಗಾಮಿ ಅದೇ. ಆದರೆ ಆ ರಾತ್ರಿ ಅದೂ ತನ್ನ ಎಂಟು ಜನರೊಂದಿಗೆ ತಿರುಗಿ ಬರಲಿಲ್ಲ.

ನಮ್ಮ ಗುಂಪಿನಲ್ಲಿ ಪದೇ ಪದೇ ಏಳುವ ಪ್ರಶ್ನೆ: "ಡೀಸೆಲ್ ಎಂಜಿನ್ ನೀರಾಗ ಹೆಂಗ ಓಡತೈತಿ?" ಓಡುವುದಿಲ್ಲ. ಡೀಸೆಲ್ ಉರಿಯಲು ಗಾಳಿ ಬೇಕಲ್ಲ. ಮೇಲಿದ್ದಾಗ ಎಂಜಿನ್ ಓಡಿಸಿ ಬ್ಯಾಟರಿ ಚಾರ್ಜ್ ಮಾಡಿಕೊಳ್ಳುತ್ತಾರೆ, ಮುಳುಗಿದ ಮೇಲೆ ಬ್ಯಾಟರಿಯಿಂದ ಮೋಟಾರ್ ಓಡುತ್ತದೆ. ಹೀಗಾಗಿ ಎರಡೂ ಮಹಾಯುದ್ಧಗಳ ಜರ್ಮನ್ ಯು-ಬೋಟುಗಳು, ಅಂದರೆ ಜಲಾಂತರ್ಗಾಮಿಗಳು, ಹೆಚ್ಚು ಹೊತ್ತು ನೀರಿನ ಮೇಲೇ ಇರುತ್ತಿದ್ದವು, ಬೇಕಾದಾಗ ಮುಳುಗುತ್ತಿದ್ದವು. 1914ರ ಸೆಪ್ಟೆಂಬರ್ 22ರಂದು ಯು-9 ಒಂದೇ ಬೆಳಗ್ಗೆ ಮೂರು ಬ್ರಿಟಿಷ್ ಕ್ರೂಸರ್‌ಗಳನ್ನು ಮುಳುಗಿಸಿದಾಗ ಜಗತ್ತು ಬೆಚ್ಚಿತು. ಎರಡನೇ ಯುದ್ಧದ ಹೊತ್ತಿಗೆ ವಿಮಾನಗಳಿಗೆ ರಾಡಾರ್ ಬಂದು, ಚಾರ್ಜಿಗೆಂದು ಮೇಲೆ ಬರುವುದೇ ಜೀವಕ್ಕೆ ಮುಳುವಾಯಿತು. ಆಗ ಜರ್ಮನರು ಗಾಳಿ ಎಳೆಯುವ ಕೊಳವೆ, ಅಂದರೆ ಸ್ನಾರ್ಕೆಲ್, ಅಳವಡಿಸಿದರು. ಆದರೂ ಯು-ಬೋಟ್ ನಾವಿಕರಲ್ಲಿ ಮುಕ್ಕಾಲು ಪಾಲು ಜನ ಮನೆಗೆ ಮರಳಲಿಲ್ಲ. ಈ ಒಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ.

ಪರಮಾಣು ಸ್ಥಾವರಕ್ಕೆ ಗಾಳಿಯೇ ಬೇಡ. ಅಮೆರಿಕದ 'ನಾಟಿಲಸ್' 1954ರಲ್ಲಿ ನೌಕಾಪಡೆ ಸೇರಿ, 1958ರ ಆಗಸ್ಟ್ 3ರಂದು ಹಿಮದಡಿಯಲ್ಲೇ ಉತ್ತರ ಧ್ರುವ ದಾಟಿತು. ಇಂಥ ನೌಕೆಗಳು ನೀರನ್ನೇ ವಿಭಜಿಸಿ ಆಮ್ಲಜನಕ ತಯಾರಿಸಿಕೊಳ್ಳುತ್ತವೆ. ಇನ್ನು ಮಿತಿ ಎಂದರೆ ಆಹಾರ ಮತ್ತು ಮನುಷ್ಯರ ತಾಳ್ಮೆ ಮಾತ್ರ.

ಭಾರತದ ಮೊದಲ ಜಲಾಂತರ್ಗಾಮಿ 'ಕಲ್ವರಿ' ಸೇವೆಗೆ ಸೇರಿದ್ದು 1967ರ ಡಿಸೆಂಬರ್ 8ರಂದು. ಆ ದಿನವೇ ಜಲಾಂತರ್ಗಾಮಿ ದಿನ. 1971ರ ಡಿಸೆಂಬರ್ 9ರಂದು ಪಾಕಿಸ್ತಾನದ ಜಲಾಂತರ್ಗಾಮಿ 'ಹಂಗೋರ್' ನಮ್ಮ ಯುದ್ಧನೌಕೆ 'ಖುಕ್ರಿ'ಯನ್ನು ಮುಳುಗಿಸಿತು. ಅದರ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗಿನೊಂದಿಗೇ ಹೋದರು. ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಈಗಿನ ಕಲ್ವರಿ ವರ್ಗದ ಆರೂ ನೌಕೆಗಳು ಡೀಸೆಲ್-ವಿದ್ಯುತ್ತಿನವು, ಕೊನೆಯದು 'ವಾಗ್‌ಶೀರ್', 2025. 'ಅರಿಹಂತ್' (2016) ಮತ್ತು 'ಅರಿಘಾತ್' (2024) ಪರಮಾಣು ಶಕ್ತಿಯವು, ಕ್ಷಿಪಣಿ ಹೊತ್ತವು. ಅಣ್ವಸ್ತ್ರವನ್ನು ಮೊದಲು ಬಳಸುವುದಿಲ್ಲ ಎಂದ ದೇಶಕ್ಕೆ ಪೆಟ್ಟು ತಿಂದ ಮೇಲೂ ಉಳಿಯುವ ಅಸ್ತ್ರ ಬೇಕು. ವಾರಗಟ್ಟಲೆ ಮೇಲೆ ಬಾರದೆ ಅಡಗಿರುವ ನೌಕೆಗೆ ಬೆಲೆ ಅದಕ್ಕೇ.

ಹುಬ್ಬಳ್ಳಿಯಿಂದ ಘಟ್ಟ ಇಳಿದು ಕಾರವಾರಕ್ಕೆ ಹೋದವರು ಗಮನಿಸಿ: ಟ್ಯಾಗೋರ್ ಕಡಲತೀರದ 'ಚಪಲ್' ಕ್ಷಿಪಣಿ ದೋಣಿ, ಜಲಾಂತರ್ಗಾಮಿಯಲ್ಲ. ಜಲಾಂತರ್ಗಾಮಿಯ ಒಳಹೊಕ್ಕು ನೋಡಲು ವಿಶಾಖಪಟ್ಟಣದ 'ಕುರ್ಸುರಾ' ವಸ್ತುಸಂಗ್ರಹಾಲಯಕ್ಕೆ ಹೋಗಬೇಕು.

ಸಂಶೋಧನೆಗೆ ಬಂದರೆ ಒತ್ತಡದ ಲೆಕ್ಕ: ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಹೆಚ್ಚು. 2023ರಲ್ಲಿ ಮುಳುಗಿದ ಟೈಟಾನಿಕ್ ಹಡಗನ್ನು ನೋಡಲು ಇಳಿದ ಪುಟ್ಟ ನೌಕೆ 'ಟೈಟನ್' ಕುಸಿದು ಐವರು ಸತ್ತರು. ಅದರ ಒಡಲು ಕಾರ್ಬನ್ ಫೈಬರಿನದು. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಲು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ರೂಪಿಸುತ್ತಿರುವ 'ಮತ್ಸ್ಯ 6000'ಕ್ಕೆ ಟೈಟೇನಿಯಂ ಗೋಳವನ್ನು ಆರಿಸಿದ್ದು ಈ ಒತ್ತಡಕ್ಕಾಗಿಯೇ.

ಮುಂದೇನು? ಹೊರಗಿನ ಗಾಳಿ ಬೇಡದ ಇಂಧನಕೋಶ (ಇಂಧನದಿಂದ ನೇರವಾಗಿ ವಿದ್ಯುತ್ ತಯಾರಿಸುವ) ವ್ಯವಸ್ಥೆಯನ್ನು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಅಭಿವೃದ್ಧಿಪಡಿಸಿದೆ. ಜಪಾನಿನ ಜಲಾಂತರ್ಗಾಮಿ 'ಓರ್ಯು' 2020ರಲ್ಲೇ ಲಿಥಿಯಂ-ಅಯಾನ್ ಬ್ಯಾಟರಿಯೊಂದಿಗೆ ಸೇವೆಗೆ ಬಂತು. ಮಾನವರಹಿತ ನೌಕೆಗೆ ಉಸಿರಿನ ಚಿಂತೆಯೇ ಇಲ್ಲ. ಆದರೆ ಸಾಮಾನ್ಯ ರೇಡಿಯೊ ತರಂಗ ಕಡಲನೀರನ್ನು ಹೊಕ್ಕುವುದಿಲ್ಲ. ಅತಿ ಕಡಿಮೆ ಆವರ್ತನದ ತರಂಗವೂ ಹೆಚ್ಚು ಆಳಕ್ಕೆ ಇಳಿಯದು. ಆದೇಶ ತಲುಪದ ಆಳದಲ್ಲಿ ಟಾರ್ಪೆಡೊ ಹಾರಿಸುವ ನಿರ್ಧಾರವನ್ನು ಯಂತ್ರಕ್ಕೆ ಬಿಡಬೇಕೆ? ಮುಖ್ಯ ಪರೀಕ್ಷೆಯ ಪ್ರಬಂಧಕ್ಕೆ ಈ ಪ್ರಶ್ನೆಯನ್ನೇ ತಯಾರು ಮಾಡಿಕೊಳ್ರಿ.