150 ಮೀಟರ್ ಮೇಲೇರುವ ಬಲೂನಿನಿಂದ ಏನೇನು ಕಾಣುತ್ತದೆ?

ಓದುಗರ ಪ್ರಶ್ನೆ: ಪ್ರವಾಸಿ ತಾಣಗಳಲ್ಲಿ ಹಗ್ಗಕ್ಕೆ ಕಟ್ಟಿದ ದೊಡ್ಡ ಬಲೂನಿನಲ್ಲಿ ಜನರನ್ನು ಮೇಲೆ ಕರೆದುಕೊಂಡು ಹೋಗಿ ಇಳಿಸುತ್ತಾರಲ್ಲ, ಅದು ಎಲ್ಲಿಗೂ ಹೋಗುವುದಿಲ್ಲ. ಏರುವುದೂ ಬರೀ 120–150 ಮೀಟರ್ ಅಂತೆ. ಅಷ್ಟು ಎತ್ತರದಿಂದ ನೋಡೋಕೆ ಏನಿರುತ್ತದೆ? ವಿಮಾನದ ಕಿಟಕಿಯಿಂದ ಇದಕ್ಕಿಂತ ಜಾಸ್ತಿ ಕಾಣುತ್ತದೆ, ಅಲ್ವಾ?

ಉತ್ತರ: ವಿಮಾನದಿಂದ ಜಾಸ್ತಿ ದೂರ ಕಾಣುತ್ತದೆ, ನಿಜ. ಆದರೆ 10 ಕಿಲೋಮೀಟರ್ ಮೇಲಿನಿಂದ ಜನ ಕಾಣುವುದಿಲ್ಲ. ಬೀದಿಯಲ್ಲಿ ನಿಂತರೆ ಜನ ಕಾಣುತ್ತಾರೆ, ಊರಿನ ಆಕಾರ ಕಾಣುವುದಿಲ್ಲ. ಈ ಬಲೂನು ಹೋಗಿ ನಿಲ್ಲುವ ಎತ್ತರದಲ್ಲಿ ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಕಣ್ಣು ಚೆನ್ನಾಗಿದ್ದರೆ 150 ಮೀಟರ್ ದೂರದಿಂದ ನಾಲ್ಕೈದು ಸೆಂಟಿಮೀಟರಿನಷ್ಟು ಚಿಕ್ಕ ವಿವರವೂ ತಿಳಿಯುತ್ತದೆ. ಮುಖದ ಗುರುತು ಸಿಗುವುದಿಲ್ಲ. ಆದರೆ ಯಾರ ಹೆಗಲಲ್ಲಿ ಚೀಲವಿದೆ, ಯಾರು ಕೊಡೆ ಬಿಚ್ಚಿದ್ದಾರೆ, ಯಾವ ಮಗು ಕೈ ಬಿಡಿಸಿಕೊಂಡು ಓಡುತ್ತಿದೆ, ಇದೆಲ್ಲ ಕಾಣುತ್ತದೆ. ಅದೇ ಹೊತ್ತಿಗೆ ಅವರು ನಡೆಯುತ್ತಿರುವ ಬೀದಿ ಎಲ್ಲಿಂದ ಬಂತು, ಎಲ್ಲಿಗೆ ಸೇರುತ್ತದೆ ಅನ್ನುವುದೂ ಕಾಣುತ್ತದೆ. ಈ ಎತ್ತರ ನನಗೆ ಇಷ್ಟವಾಗುವುದು ಇದಕ್ಕೇ.

ಸವಾರಿ ಹೇಗಿರುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಇದು ಬೆಂಕಿ ಉರಿಸಿ ಹಾರಿಸುವ ಬಿಸಿಗಾಳಿ ಬಲೂನಲ್ಲ. ಸುಮಾರು 22 ಮೀಟರ್ ಅಗಲದ ಗುಂಡನೆಯ ಚೀಲದಲ್ಲಿ ಹೀಲಿಯಂ ತುಂಬಿರುತ್ತಾರೆ. ಒಂದು ಘನ ಮೀಟರ್ ಹೀಲಿಯಂ ಹೆಚ್ಚುಕಡಿಮೆ ಒಂದು ಕಿಲೋ ಭಾರ ಎತ್ತುತ್ತದೆ. ಹಾಗಾಗಿ ದೊಡ್ಡ ಬಲೂನುಗಳು ಒಂದೇ ಸಲ 30 ಜನರನ್ನೂ ಮೇಲಕ್ಕೆ ಒಯ್ಯುತ್ತವೆ. ನೆಲದಲ್ಲಿರುವ ವಿಂಚ್ ಉಕ್ಕಿನ ಹಗ್ಗವನ್ನು ಬಿಡುತ್ತಾ ಹೋದಂತೆ ಬಲೂನು ಏರುತ್ತದೆ, ಸುತ್ತಿಕೊಂಡಂತೆ ಇಳಿಯುತ್ತದೆ. ನಾವು ನಿಲ್ಲುವ ಬುಟ್ಟಿ ಬಳೆಯ ಆಕಾರದಲ್ಲಿರುತ್ತದೆ. ನಡುವೆ ಖಾಲಿ, ಅಲ್ಲಿಂದ ಹಗ್ಗ ನೇರ ಕೆಳಗಿಳಿಯುತ್ತದೆ. ಸುತ್ತಲೂ ಬಲೆ ಕಟ್ಟಿರುತ್ತಾರೆ, ಗಾಜು ಇರುವುದಿಲ್ಲ. ಆದ್ದರಿಂದ ಒಂದು ಸುತ್ತು ನಡೆದರೆ ನಾಲ್ಕೂ ದಿಕ್ಕು ನೋಡಿದ ಹಾಗಾಯಿತು. ಬರ್ನರ್ ಸದ್ದೂ ಇಲ್ಲದ ಕಾರಣ ಕೆಳಗಿನ ನಾಯಿ ಬೊಗಳಿದ್ದು, ಮಕ್ಕಳು ಕೂಗಿದ್ದು ಮೇಲಕ್ಕೆ ಕೇಳಿಸುತ್ತದೆ.

ಇನ್ನು, ಎಷ್ಟು ದೂರ ಕಾಣುತ್ತದೆ? ಇದಕ್ಕೆ ಸುಲಭ ಲೆಕ್ಕವಿದೆ. ನಿಮ್ಮ ಕಣ್ಣು ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ದೂರವಿದೆ ಅನ್ನುವುದು ಸಿಗುತ್ತದೆ. ಬಯಲಿನಲ್ಲಿ ನಿಂತವರಿಗೆ ದಿಗಂತ 5 ಕಿಲೋಮೀಟರೂ ಇಲ್ಲ. 30 ಮೀಟರ್ ಏರಿದರೆ ಸುಮಾರು 20, 150 ಮೀಟರಿಗೆ ಸುಮಾರು 44. ವರ್ಗಮೂಲದ ಲೆಕ್ಕವಾದ್ದರಿಂದ ನೋಟ ದುಪ್ಪಟ್ಟು ಆಗಬೇಕಾದರೆ ಎತ್ತರ ನಾಲ್ಕು ಪಟ್ಟು ಆಗಬೇಕು. ಮೊದಲ ಒಂದು ನಿಮಿಷದಲ್ಲೇ ಲೋಕ ಇದ್ದಕ್ಕಿದ್ದಂತೆ ಬಿಚ್ಚಿಕೊಂಡ ಹಾಗೆ ಅನ್ನಿಸುವುದು ಇದೇ ಕಾರಣಕ್ಕೆ. ಆದ್ದರಿಂದ ಏರುವಾಗ ಫೋನ್ ನೋಡುತ್ತಾ ನಿಲ್ಲಬೇಡಿ.

1861ರ ಜೂನ್‌ನಲ್ಲಿ, ಅಮೆರಿಕದ ಅಂತರ್ಯುದ್ಧದ ಹೊತ್ತಿನಲ್ಲಿ, ಥಡಿಯಸ್ ಲೋ ಎಂಬ ಬಲೂನುಗಾರ ವಾಷಿಂಗ್ಟನ್ ನಗರದ ಮೇಲೆ ಹಗ್ಗಕ್ಕೆ ಕಟ್ಟಿದ ಬಲೂನಿನಲ್ಲಿ ಸುಮಾರು 500 ಅಡಿ ಏರಿದರು. ಅಂದರೆ ನಾವು ಮಾತಾಡುತ್ತಿರುವ 150 ಮೀಟರೇ. ಜೊತೆಗೆ ಟೆಲಿಗ್ರಾಫ್ ತಂತಿಯನ್ನೂ ಒಯ್ದಿದ್ದರು. ಇಲ್ಲಿಂದ ಹೆಚ್ಚುಕಡಿಮೆ 50 ಮೈಲಿ ಅಡ್ಡಗಲದ ಪ್ರದೇಶ ಕಾಣುತ್ತಿದೆ ಎಂದು ಅಧ್ಯಕ್ಷ ಲಿಂಕನ್ ಅವರಿಗೆ ಮೇಲಿನಿಂದಲೇ ತಂತಿ ಕಳಿಸಿದರು. 50 ಮೈಲಿ ಅಂದರೆ 80 ಕಿಲೋಮೀಟರ್. ಅದರ ಅರ್ಧ, 40 ಕಿಲೋಮೀಟರ್, ಒಂದು ದಿಕ್ಕಿಗೆ. ಮೇಲಿನ ಲೆಕ್ಕಕ್ಕೆ ಇಟ್ಟು ನೋಡಿ, ಅವರು ಒಂದಿಷ್ಟೂ ಉತ್ಪ್ರೇಕ್ಷೆ ಮಾಡಿರಲಿಲ್ಲ.

ದೊಡ್ಡ ಬೆಟ್ಟವಾದರೆ ದಿಗಂತದ ಆಚೆ ಇದ್ದರೂ ತಲೆ ಕಾಣಿಸುತ್ತದೆ. ಅದಕ್ಕೆ ಗಾಳಿ ತಿಳಿಯಾಗಿರಬೇಕು, ಅಷ್ಟೆ.

ಆದರೆ ನನ್ನ ಮಟ್ಟಿಗೆ ದೂರದ್ದಕ್ಕಿಂತ ಹತ್ತಿರದ್ದೇ ನೋಡಬೇಕಾದದ್ದು. ಬುಟ್ಟಿಯ ಸುತ್ತಲಿನ ಒಂದೆರಡು ಕಿಲೋಮೀಟರ್ ಸಾಕು. ಉದ್ಯಾನದಲ್ಲಿ ಕಲ್ಲು ಹಾಸಿದ ದಾರಿ ಒಂದು ಕಡೆ ಹೋದರೆ, ಜನ ನಡೆದು ನಡೆದು ಹುಲ್ಲು ಸವೆದ ದಾರಿ ಇನ್ನೊಂದು ಕಡೆ ಹೋಗಿರುತ್ತದೆ. ಯಾರಿಗೆ ಎಲ್ಲಿಗೆ ಹೋಗಬೇಕಿತ್ತು ಅನ್ನುವುದನ್ನು ಆ ಗೆರೆಗಳೇ ಹೇಳುತ್ತವೆ. ಸಿಗ್ನಲ್ ಹಸಿರಾದಾಗ ಗಾಡಿಗಳೆಲ್ಲ ಒಟ್ಟಿಗೆ ಹೊರಡುವುದಿಲ್ಲ. ಮುಂದಿನದು ಹೊರಟ ಮೇಲೆ ಅದರ ಹಿಂದಿನದು, ಹೀಗೆ ಚಲನೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತದೆ. ರಸ್ತೆಯಲ್ಲಿ ಸಾಲಿನ ಕೊನೆಗೆ ನಿಂತು ಬೈದುಕೊಳ್ಳುವವರಿಗೆ ಇದು ಗೊತ್ತಾಗುವುದೇ ಇಲ್ಲ. ಕೆರೆಯೋ ನದಿಯೋ ಇದ್ದರೆ ಆಳ ಕಡಿಮೆ ಇರುವ ಕಡೆ ನೀರಿನ ಬಣ್ಣ ಬೇರೆ ಕಾಣುತ್ತದೆ. ಮರಗಳನ್ನು ಮೇಲಿನಿಂದ ನೋಡಿದಾಗ ಒಂದೊಂದರ ಹಸಿರೂ ಬೇರೆ.

ಕಾಂಬೋಡಿಯಾದ ಆಂಕೋರ್ ವಾಟ್ ನೆನಪಿಸಿಕೊಳ್ಳಿ. ದೇವಾಲಯದ ಸುತ್ತಲಿನ ಕಂದಕವೇ ಸುಮಾರು 190 ಮೀಟರ್ ಅಗಲ. ದಡದಲ್ಲಿ ನಿಂತವರಿಗೆ ಅದು ಬರೀ ಕೆರೆಯ ಹಾಗೆ ಕಾಣುತ್ತದೆ. ಅದು ನಾಲ್ಕು ಮೂಲೆಯ ನೀರಿನ ಚೌಕಟ್ಟು ಅನ್ನುವುದು ಕಣ್ಣಿಗೆ ಬೀಳಬೇಕಾದರೆ ಮೇಲಕ್ಕೇ ಹೋಗಬೇಕು. ಅಲ್ಲಿನ ಇಂಥದೇ ಹಳದಿ ಬಲೂನು ಹೆಸರುವಾಸಿಯಾದದ್ದು ಈ ನೋಟದಿಂದ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕಲ್ಲುಗಳನ್ನು ಮೊದಲ ಬಾರಿಗೆ ಮೇಲಿನಿಂದ ಫೋಟೋ ತೆಗೆದದ್ದೂ 1906ರಲ್ಲಿ, ಸೈನ್ಯದ ಇಂಥದೇ ಬಲೂನಿನಿಂದ. ಆ ಚಿತ್ರದಲ್ಲಿ ಕಲ್ಲುಗಳ ವೃತ್ತದಷ್ಟೇ ಸ್ಪಷ್ಟವಾಗಿ ಅದರ ಪಕ್ಕ ಹಾದುಹೋಗುವ ಗಾಡಿ ದಾರಿಗಳೂ ಕಾಣುತ್ತವೆ.

ಬಿಸಿಲಿದ್ದರೆ ಸೂರ್ಯನಿಗೆ ಬೆನ್ನು ಹಾಕಿ ಬಲೂನಿನ ನೆರಳನ್ನು ಹುಡುಕಿ. ನೆರಳು ಹುಲ್ಲಿನ ಮೇಲೋ ಮರಗಳ ಮೇಲೋ ಬಿದ್ದಿದ್ದರೆ ಅದರ ಸುತ್ತ ಒಂದು ತೆಳು ಬೆಳಕು ಕಾಣಬಹುದು. ಆ ದಿಕ್ಕಿನಲ್ಲಿ ಪ್ರತಿ ಎಲೆಯ ನೆರಳೂ ಅದೇ ಎಲೆಯ ಹಿಂದೆ ಮರೆಯಾಗುತ್ತದೆ. ನಮ್ಮ ಕಣ್ಣಿಗೆ ಬಿಸಿಲು ಬಿದ್ದ ಭಾಗ ಮಾತ್ರ ಸಿಗುತ್ತದೆ, ಅದಕ್ಕೆ ಆ ಹೊಳಪು. ಬೆಳಗಿನ ಇಬ್ಬನಿ ಇದ್ದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ತುಂಬಾ ಜನ ಇದನ್ನು ಗಮನಿಸದೆ ಇಳಿದುಬಿಡುತ್ತಾರೆ.

ದೊಡ್ಡ ನಗರವಾದರೆ ಗಾಳಿಯೂ ಕಾಣುತ್ತದೆ! ದಿಗಂತದ ಉದ್ದಕ್ಕೂ ಕಂದು ಬಣ್ಣದ ಪದರವೊಂದು ಹಾಸಿರುತ್ತದೆ. ನೆಲದಲ್ಲಿದ್ದಾಗ ನಾವು ಅದರೊಳಗೇ ಇರುವುದರಿಂದ ಗೊತ್ತಾಗುವುದಿಲ್ಲ. ಪ್ಯಾರಿಸ್‌ನ ಆಂದ್ರೆ ಸಿತ್ರೊಯೆನ್ ಉದ್ಯಾನದಲ್ಲಿ 1999ರಿಂದ ಇಂಥ ಬಲೂನಿದೆ. ಗಾಳಿ ಎಷ್ಟು ಶುದ್ಧವಾಗಿದೆ ಅನ್ನುವುದನ್ನು ದಾರಿಹೋಕರಿಗೆ ತಿಳಿಸುವ ಕೆಲಸಕ್ಕೂ ಅದನ್ನು ಬಳಸಿದ್ದಾರೆ. ಅಲ್ಲಿ 150 ಮೀಟರ್ ಏರಿದ ಮೇಲೂ 330 ಮೀಟರಿನ ಐಫೆಲ್ ಗೋಪುರದ ತುದಿಯನ್ನು ತಲೆಯೆತ್ತಿಯೇ ನೋಡಬೇಕು ಅನ್ನುವುದನ್ನೂ ಹೇಳಿರುತ್ತೇನೆ.

ಕಾಣದೇ ಇರುವುದೂ ಇದೆ. ತಲೆಯ ಮೇಲಿನ ಆಕಾಶ ಕಾಣುವುದಿಲ್ಲ, ಅಲ್ಲಿ ಬಲೂನೇ ತುಂಬಿಕೊಂಡಿರುತ್ತದೆ. ಎತ್ತರದ ಕಟ್ಟಡಗಳ ಹಿಂದಿನದ್ದು ಮರೆಯಾಗಿಯೇ ಉಳಿಯುತ್ತದೆ. ನಡು ಮಧ್ಯಾಹ್ನ ಹೋದರೆ ನೆರಳುಗಳೇ ಇಲ್ಲದೆ ಏರುತಗ್ಗು ತಿಳಿಯುವುದಿಲ್ಲ, ಎಲ್ಲ ಸಪಾಟಾಗಿ ಕಾಣುತ್ತದೆ. ಬೆಳಗ್ಗೆ ಅಥವಾ ಸಂಜೆ, ಅದರಲ್ಲೂ ಮಳೆ ಬಂದು ನಿಂತ ಮಾರನೇ ದಿನ ಸಿಕ್ಕರೆ ಬಿಡಬೇಡಿ. ಬೈನಾಕ್ಯುಲರ್ ಒಯ್ಯುವುದಾದರೆ ಎಂಟು ಪಟ್ಟಿನದು ಸಾಕು. ಬುಟ್ಟಿ ಸ್ವಲ್ಪ ತೂಗುವುದರಿಂದ ಅದಕ್ಕಿಂತ ಶಕ್ತಿಯದ್ದರಲ್ಲಿ ನೋಟ ನಿಲ್ಲುವುದಿಲ್ಲ. ಫೋನಿಗೆ ದಾರ ಕಟ್ಟಿ ಕೈಗೆ ಹಾಕಿಕೊಳ್ಳಿ.

ಇಡೀ ಸವಾರಿ ಹತ್ತು–ಹದಿನೈದು ನಿಮಿಷ, ಮೇಲೆ ನಿಲ್ಲುವುದು ಅದರಲ್ಲಿ ಕೆಲವೇ ನಿಮಿಷ. ಮೊದಲು ಒಂದು ಸುತ್ತು ನಡೆದು, ಆಮೇಲೆ ನಿಮಗೆ ಹಿಡಿಸಿದ ದಿಕ್ಕಿನಲ್ಲಿ ನಿಂತು ನೋಡಿ. ಇನ್ನೊಂದು ಮಾತು: ಹಗ್ಗಕ್ಕೆ ಕಟ್ಟಿದ ಬಲೂನು ಗಾಳಿಯ ಜೊತೆ ಹೋಗುವ ಹಾಗಿಲ್ಲ, ಅದನ್ನು ತಡೆದು ನಿಲ್ಲಬೇಕು. ಗಾಳಿ ಜೋರಿದ್ದ ದಿನ ಕಡಿಮೆ ಎತ್ತರಕ್ಕೇ ನಿಲ್ಲಿಸುತ್ತಾರೆ, ಇಲ್ಲವೇ ಸವಾರಿಯನ್ನೇ ರದ್ದು ಮಾಡುತ್ತಾರೆ. ಟಿಕೆಟ್ ತೆಗೆದುಕೊಳ್ಳುವ ಮುಂಚೆ, ಇವತ್ತು ಎಷ್ಟು ಮೀಟರ್ ಏರಿಸುತ್ತಿದ್ದೀರಿ ಅಂತ ಕೇಳಿಬಿಡಿ.