ಆಫ್‌ಸೆಟ್: ಎದುರು ತಟ್ಟೆಯ ಕಲ್ಲು

ಆಫ್‌ಸೆಟ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಲಗ್ನಪತ್ರಿಕೆ ಅಚ್ಚುಹಾಕುವ ಪ್ರೆಸ್ಸಿನ ಬೋರ್ಡು. ಅಚ್ಚಿನ ತಗಡಿನ ಶಾಯಿ ಮೊದಲು ರಬ್ಬರ್ ಹಾಳೆಗೆ ಇಳಿದು ಅಲ್ಲಿಂದ ಕಾಗದಕ್ಕೆ ದಾಟುವುದರಿಂದ ಆ ಮುದ್ರಣಕ್ಕೆ ಈ ಹೆಸರು. ವಿಜ್ಞಾನದ ಬರಹಗಳಲ್ಲಿ ಪದೇ ಪದೇ ಎದುರಾಗುವ ಆಫ್‌ಸೆಟ್‌ಗೆ ಬೇರೆಯೇ ಅರ್ಥವಿದ್ದು, ನಿಘಂಟುಗಳು ಅದನ್ನು ‘ಸರಿದೂಗಿಸು’ ಎಂದು ಹೇಳಿ ಮುಗಿಸುತ್ತವೆ.

ಕನ್ನಡದ ಈ ಮಾತು ಹುಟ್ಟಿದ್ದೇ ತಕ್ಕಡಿಯಿಂದ. ಹಿಂದೆ ಎಣ್ಣೆ ಕೊಳ್ಳಲು ಹೋದವರ ಖಾಲಿ ತಂಬಿಗೆಯನ್ನು ಅಂಗಡಿಯವನು ಒಂದು ತಟ್ಟೆಯಲ್ಲಿಟ್ಟು, ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಎದುರು ತಟ್ಟೆಗೆ ಕಲ್ಲಿನ ಚೂರುಗಳನ್ನು ಹಾಕಿ, ಆಮೇಲಷ್ಟೇ ತೂಕದ ಬಟ್ಟು ಇಡುತ್ತಿದ್ದ. ತಂಬಿಗೆಯ ಭಾರ ಅದರಿಂದ ಗುಲಗಂಜಿಯಷ್ಟೂ ಕಡಿಮೆಯಾಗುತ್ತಿರಲಿಲ್ಲ. ಕಲ್ಲು ತೆಗೆದರೆ ತಟ್ಟೆ ದಡಕ್ಕನೆ ಕೆಳಗಿಳಿಯುತ್ತಿತ್ತು. ಆಫ್‌ಸೆಟ್ ಅನ್ನು ‘ರದ್ದುಮಾಡು’ ಎಂದು ಅನುವಾದಿಸುವವರು ಮರೆಯುವುದು ಇಷ್ಟನ್ನೇ.

ಭೂಮಿಯ ತಾಪಮಾನದ ವಿಷಯದಲ್ಲಿ ಈ ಮರೆವು ದುಬಾರಿ. ಕಲ್ಲಿದ್ದಲು ಉರಿದಾಗ ಇಂಗಾಲದ ಡೈಆಕ್ಸೈಡ್ ಜೊತೆಗೆ ಗಂಧಕದ ಡೈಆಕ್ಸೈಡ್ ಕೂಡ ಹೊರಬಿದ್ದು, ಅದರಿಂದಾಗುವ ಸಲ್ಫೇಟ್ ಕಣಗಳು ಬಿಸಿಲನ್ನು ಹಿಂದಕ್ಕೆ ಚದುರಿಸಿ, ಮೋಡಗಳನ್ನು ಇನ್ನಷ್ಟು ಬೆಳ್ಳಗಾಗಿಸಿ ನೆಲವನ್ನು ತಂಪಾಗಿಸುತ್ತವೆ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ 2021ರ ವರದಿಯ ಪ್ರಕಾರ, 19ನೇ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ ಇಂಗಾಲದ ಡೈಆಕ್ಸೈಡ್ ಮೊದಲಾದ, ಶಾಖವನ್ನು ಹಿಡಿದಿಡುವ ಹಸಿರುಮನೆ ಅನಿಲಗಳು ಭೂಮಿಯನ್ನು 1ರಿಂದ 2 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಮಾಡಿದ್ದರೆ, ಮುಖ್ಯವಾಗಿ ಇಂತಹ ಕಣಗಳಿಂದಾಗಿ 0ರಿಂದ 0.8 ಡಿಗ್ರಿಯಷ್ಟು ಬಿಸಿ ತಗ್ಗಿದೆ. ಆದರೆ ವಾತಾವರಣದ ಕೆಳಪದರದ ಸಲ್ಫೇಟ್ ಕಣಗಳು ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಮಳೆಯೊಡನೆ ತೊಳೆದುಹೋಗುತ್ತವೆ. ಇಂಗಾಲದ ಡೈಆಕ್ಸೈಡ್‌ನ ಒಂದು ದೊಡ್ಡ ಪಾಲು ಶತಮಾನಗಳ ಕಾಲ ಉಳಿಯುತ್ತದೆ. ತಂಬಿಗೆ ತಾಮ್ರದ್ದು, ಎದುರಿಗಿಟ್ಟದ್ದು ಮಾತ್ರ ಮಂಜುಗಡ್ಡೆ.

2020ರ ಜನವರಿ 1ರಿಂದ ಸಾಗರದ ಹಡಗುಗಳ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇ. 3.5ರಿಂದ ಶೇ. 0.5ಕ್ಕೆ ಇಳಿಸಲಾಯಿತು. ಬಂದರು ಊರುಗಳ ಜನರ ಶ್ವಾಸಕೋಶಕ್ಕೆ ಇದು ಒಳ್ಳೆಯದೇ, ಆ ನಿಯಮವನ್ನು ಹಳಿಯಲು ಕಾರಣವಿಲ್ಲ. ಎದುರು ತಟ್ಟೆಯ ಒಂದು ಕಲ್ಲಂತೂ ಹೋಯಿತು. ತಂಬಿಗೆ ಎಷ್ಟು ಕೆಳಗಿಳಿಯಿತೆಂಬ ಲೆಕ್ಕದಲ್ಲಿ ವಿಜ್ಞಾನಿಗಳು ಈಗ ತೊಡಗಿದ್ದಾರೆ.

ವಿಮಾನದ ಟಿಕೆಟ್ಟಿನ ಜೊತೆ ಮಾರುವ ಕಾರ್ಬನ್ ಆಫ್‌ಸೆಟ್ ಕೂಡ ಇದೇ ಜಾತಿಯದು. ಪ್ರಯಾಣದ ಹೊಗೆಗೆ ಎದುರಾಗಿ ಎಲ್ಲೋ ನೆಟ್ಟ ಸಸಿ, ಕಾಳ್ಗಿಚ್ಚಿಗೆ ಸಿಗದೆ ನಿಂತಿರುವಷ್ಟು ಕಾಲ ಮಾತ್ರ ಮುಳ್ಳನ್ನು ನೆಟ್ಟಗಿಡುತ್ತದೆ.